ರುಹಿಜಾದ ಇಳಿಜಾರು: ಬ್ವಿಂಡಿ ಕಾಡಿನ ಗೊರಿಲ್ಲಾ ನೋಡಲು ಹೊರಟಾಗ

ಹೊರಡುವ ಮೊದಲು

ಉಗಾಂಡದ ನೈಋತ್ಯ ಮೂಲೆಯ ಬ್ವಿಂಡಿ ಕಾಡಿನಲ್ಲಿ ಗೊರಿಲ್ಲಾಗಳ ಎದುರು ನಿಲ್ಲಲು ಸಿಗುವುದು ಒಂದೇ ಗಂಟೆ. ವಿದೇಶಿಯರಿಗೆ ಅದರ ಪರ್ಮಿಟ್ 800 ಡಾಲರ್, ಪಕ್ಕದ ರುವಾಂಡದಲ್ಲಿ 1500. ದುಡ್ಡು ಹೊಂದಿಸಿದ ಮೇಲೆ ಜನ ಸಾಮಾನ್ಯವಾಗಿ ಎಡವುವುದು ನಕ್ಷೆಯಲ್ಲಿ. ಬ್ವಿಂಡಿಗೆ ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೊ ಎಂದು ನಾಲ್ಕು ಬಾಗಿಲು. ನೋಡಲು ಪಕ್ಕಪಕ್ಕ ಅನಿಸಿದರೂ ಒಂದರಿಂದ ಇನ್ನೊಂದಕ್ಕೆ ಗುಡ್ಡ ಸುತ್ತಿ ಗಂಟೆಗಟ್ಟಲೆ ಮಣ್ಣಿನ ರಸ್ತೆಯಲ್ಲಿ ಹೋಗಬೇಕು. ಪರ್ಮಿಟ್ ಒಂದು ಬಾಗಿಲಿನದು, ವಸತಿ ಇನ್ನೊಂದರದು ಆಗಿಬಿಟ್ಟರೆ ಬೆಳಗಿನ ಹಾಜರಿ ತಪ್ಪುತ್ತದೆ, ದಿನವೂ ಕೈತಪ್ಪುತ್ತದೆ. ಪರ್ಮಿಟ್ ಯಾವ ಬಾಗಿಲಿನದು ಎಂದು ಖಾತ್ರಿಯಾದ ಮೇಲೆಯೇ ಕೋಣೆ ಕಾದಿರಿಸಬೇಕು. ನಮ್ಮದು ರುಹಿಜಾ. ನಾಲ್ಕರಲ್ಲಿ ಎಲ್ಲಕ್ಕಿಂತ ಎತ್ತರದ್ದೂ ಚಳಿಯದ್ದೂ ಅದೇ.

ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಹಾಕಿಸಿರಬೇಕು. ಹತ್ತು ದಿನ ತುಂಬುವ ಮೊದಲು ಲಸಿಕೆಯ ಕಾರ್ಡಿಗೆ ಬೆಲೆಯಿಲ್ಲ. ಎಲ್ಲ ಆಸ್ಪತ್ರೆಗಳಲ್ಲೂ ಇದನ್ನು ಹಾಕುವುದಿಲ್ಲ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ, ಅದೂ ಗೊತ್ತಾದ ದಿನಗಳಲ್ಲಿ ಹಾಕುತ್ತಾರೆ. ಆದ್ದರಿಂದ ಟಿಕೆಟ್ ಆದ ವಾರವೇ ವಿಚಾರಿಸಿಬಿಡುವುದು ಒಳ್ಳೆಯದು. ಮೊಟ್ಟೆಯ ಅಲರ್ಜಿ ಇರುವವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ವೈದ್ಯರನ್ನು ಕಾಣಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಕಾರ್ಡನ್ನು ಪಾಸ್‌ಪೋರ್ಟಿನೊಳಗೇ ಇಡಿ. ಉಗಾಂಡದ ಒಳಗೆ ಹೋಗುವಾಗ ಕೇಳುತ್ತಾರೆ, ವಾಪಸ್ ಭಾರತಕ್ಕೆ ಇಳಿದಾಗಲೂ ಕೇಳುತ್ತಾರೆ. ಕಾರ್ಡ್ ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಜತೆಗೆ ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರ ಮೊದಲು ಹಾಕಿಸಿಕೊಂಡೆವು. ಅದು ನಮಗಿಂತ ಹೆಚ್ಚಾಗಿ ಗೊರಿಲ್ಲಾಗಳಿಗೋಸ್ಕರ.

ಇನ್ನು ಕಾಲು. ಏರುವುದಕ್ಕೆ ಎಲ್ಲರೂ ತಯಾರಾಗುತ್ತಾರೆ, ಇಳಿಯುವುದಕ್ಕೆ ಯಾರೂ ತಯಾರಾಗುವುದಿಲ್ಲ. ರುಹಿಜಾ ಗುಡ್ಡದ ನೆತ್ತಿಯ ಮೇಲಿದೆ, ಗೊರಿಲ್ಲಾಗಳಿರುವುದು ಹೆಚ್ಚಾಗಿ ಕೆಳಗಿನ ಕಣಿವೆಗಳಲ್ಲಿ. ಹಾಗಾಗಿ ಬೆಳಗ್ಗೆ ಹೊಸ ಕಾಲಿನಲ್ಲಿ ಇಳಿದು, ದಣಿದ ಕಾಲಿನಲ್ಲಿ ಹತ್ತಬೇಕು. ಎಂಟು ವಾರ ಮೊದಲೇ ಶುರುಮಾಡಿ ವಾರಕ್ಕೆ ಮೂರು ದಿನ, ಬೆನ್ನಿಗೆ ಐದು ಕಿಲೋ ಚೀಲ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯುವುದು ಸಾಕಷ್ಟಾಯಿತು. ಲಿಫ್ಟಿನಲ್ಲಿ ಕೆಳಗೆ ಬಂದರೆ ಅರ್ಧ ಅಭ್ಯಾಸ ಹೋದಂತೆಯೇ. ಕುಕ್ಕೆಯ ಕಡೆಯಿಂದ ಕುಮಾರಪರ್ವತ ಹತ್ತಿ ಇಳಿದು, ಮರುದಿನ ನೆಟ್ಟಗೆ ನಡೆಯಬಲ್ಲವರಿಗೆ ಬ್ವಿಂಡಿ ಕಷ್ಟವಾಗಲಿಕ್ಕಿಲ್ಲ.

ಬೂಟು ಹೊಸದಾಗಿದ್ದರೆ ಕನಿಷ್ಠ ಒಂದು ತಿಂಗಳು ಕಾಲಿಗೆ ಪಳಗಿರಬೇಕು. ತೀರ ಹಳೆಯದಾಗಿದ್ದರೆ ಅಪಾಯ ಇನ್ನೂ ದೊಡ್ಡದು. ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿದ ಬೂಟಿನ ಅಟ್ಟೆಯೊಳಗಿನ ಪಾಲಿಯುರಿಥೇನ್ ಪದರ ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗಿರುತ್ತದೆ. ಹೊರಗಿನಿಂದ ಹೊಸತರಂತೆ ಹೊಳೆಯುತ್ತಿರುತ್ತದೆ. ನೂರು ಹೆಜ್ಜೆ ಇಟ್ಟರೆ ಅಟ್ಟೆ ಕಳಚಿ ಬೀಳುತ್ತದೆ. ಹೆಬ್ಬೆರಳಿನಿಂದ ಅಟ್ಟೆಯ ಪಕ್ಕವನ್ನು ಬಲವಾಗಿ ಒತ್ತಿ ನೋಡಿ. ಬಿರುಕು ಬಿಟ್ಟರೆ ಅಥವಾ ಪುಡಿ ಉದುರಿದರೆ ಮನೆಯಲ್ಲೇ ಬಿಡಿ.

ಮೊದಲ ದಿನ: ಎಂಟೆಬೆ

ವಿಕ್ಟೋರಿಯಾ ಸರೋವರದ ದಡದಲ್ಲೇ ವಿಮಾನ ಇಳಿಯುತ್ತದೆ. ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ, ಹಾಗಾಗಿ ಬೆಳಗಿನ ಜಾವ ತಾನಾಗಿಯೇ ಎಚ್ಚರವಾಗುತ್ತದೆ. ಈ ಪ್ರವಾಸಕ್ಕೆ ಅದು ಅನುಕೂಲವೇ. ಹಣ ಬದಲಿಸುವ ಅಂಗಡಿಯಲ್ಲಿ ನಮ್ಮ ಗುಂಪಿನ ಒಬ್ಬರ ನೂರು ಡಾಲರಿನ ಎರಡು ನೋಟು ಹಿಂದಕ್ಕೆ ಬಂದವು. ಒಂದರ ಮೇಲೆ ಪೆನ್ನಿನ ಗೀಟು, ಇನ್ನೊಂದು ತೀರ ಹಳೆಯ ಮುದ್ರಣ. ಡಾಲರ್ ತರುವಾಗ ಇತ್ತೀಚಿನ ಮುದ್ರಣದ, ಹರುಕು, ಗೀಟು ಇಲ್ಲದ ನೋಟುಗಳನ್ನೇ ಕೇಳಿ ಪಡೆಯಬೇಕು. ಇಪ್ಪತ್ತು, ಹತ್ತರ ನೋಟಿಗೆ ವಿನಿಮಯದಲ್ಲಿ ಕಡಿಮೆ ಸಿಗುತ್ತದೆ, ನಿಜ. ಆದರೆ ಹಳ್ಳಿಯಲ್ಲಿ ಪೋರ್ಟರಿಗೆ, ಗೈಡಿಗೆ ಕೊಡಲು ಬೇಕಾಗುವುದು ಅವೇ.

ಇಲ್ಲಿಯ ಪ್ಲಗ್ಗಿಗೆ ಮೂರು ಚೌಕದ ಕಡ್ಡಿ, ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ. ರಾತ್ರಿ ಸೊಳ್ಳೆ ಪರದೆ ಇಳಿಸಿ ಅಂಚನ್ನು ಹಾಸಿಗೆಯಡಿ ಸಿಕ್ಕಿಸುವುದನ್ನು ಮರೆಯಬಾರದು. ಕಾಡಿನ ಎತ್ತರಕ್ಕಿಂತ ಈ ಸರೋವರದ ದಂಡೆಯಲ್ಲೇ ಮಲೇರಿಯಾದ ಭಯ ಹೆಚ್ಚು.

ಎರಡನೇ ದಿನ: ಕಬಾಲೆವರೆಗೆ ರಸ್ತೆ

ನಾಲ್ಕುನೂರು ಕಿಲೋಮೀಟರಿಗೂ ಮೀರಿದ ದಾರಿ. ಬೆಳಕು ಹರಿಯುವ ಮೊದಲೇ ಹೊರಟರೆ ಕಂಪಾಲಾದ ವಾಹನಗಳ ಗೋಜಿನಿಂದ ತಪ್ಪಿಸಿಕೊಳ್ಳಬಹುದು. ಕಾಯಬ್ವೆಯಲ್ಲಿ ಸಮಭಾಜಕ ವೃತ್ತ ದಾಟುವ ಜಾಗ, ಅದಕ್ಕೂ ಮೊದಲು ರಸ್ತೆಬದಿಯಲ್ಲಿ ಮರದ ಬೊಡ್ಡೆ ಕೊರೆದು, ಹಸುವಿನ ಚರ್ಮ ಬಿಗಿದು ಡೋಲು ಮಾಡುವವರ ಊರು ಎಂಪಾಂಬಿರೆ. ಲುಕಾಯಾದಲ್ಲಿ ವಾಹನ ನಿಧಾನವಾದರೆ ಸಾಕು, ಕಿಟಕಿಗೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿ, ಸುಟ್ಟ ಸಿಹಿಬಾಳೆ ಗೊಂಜಾ ಬಂದು ನಿಲ್ಲುತ್ತವೆ. ಮಾಂಸ ತಿನ್ನದವರಿಗೂ ಗೊಂಜಾ ಹೊಟ್ಟೆ ತುಂಬಿಸುತ್ತದೆ. ಕೆಂಡದಿಂದ ನೇರವಾಗಿ ಕೈಗೆ ಬಂದದ್ದನ್ನು ಮಾತ್ರ ತೆಗೆದುಕೊಳ್ಳಬೇಕು, ಆರಿ ನೊಣ ಕೂತದ್ದನ್ನಲ್ಲ. ಚಾರಣಕ್ಕೆ ಎರಡು ದಿನ ಉಳಿದಿರುವಾಗ ಹೊಟ್ಟೆ ಕೆಡಿಸಿಕೊಂಡರೆ ಮಾಡಿದ್ದೆಲ್ಲ ವ್ಯರ್ಥ.

ಸಸ್ಯಾಹಾರಿಗಳು ಈ ದೇಶದಲ್ಲಿ ಉಪವಾಸ ಬೀಳಬೇಕಾಗಿಲ್ಲ. ಬಾಳೆಯೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ಮಸೆದ ಮಟೋಕೆ ಬಾಳೆಕಾಯಿ, ಮೇಲೆ ತೆಳು ಗುಲಾಬಿ ಬಣ್ಣದ ಕಡಲೆಕಾಯಿ ಗೊಜ್ಜು, ಬೇಯಿಸಿದ ಹುರುಳಿಕಾಯಿ ಬೀಜ, ಡೋಡೊ ಎನ್ನುವ ದಂಟಿನ ಸೊಪ್ಪು, ಬೆಣ್ಣೆಹಣ್ಣು. ಚಪಾತಿ ಎಲ್ಲ ಊರಲ್ಲೂ ಸಿಗುತ್ತದೆ. ಭಾರತದಿಂದ ಹೋದವರ ಜತೆ ಬಂದ ಅದು ಈಗ ಉಗಾಂಡದವರದೇ. ಮೊಟ್ಟೆ ತಿನ್ನುವವರಾದರೆ ಕೋಸು, ಟೊಮೇಟೊ ಹಾಕಿದ ಆಮ್ಲೆಟ್ಟನ್ನು ಚಪಾತಿಯಲ್ಲಿ ಸುತ್ತಿ ಕೊಡುವ ರೋಲೆಕ್ಸ್ ಇದೆ.

ಎಂಬರಾರದ ಊಟದ ಮನೆಯಲ್ಲಿ ಮುಚ್ಚಳವಿರುವ ಹೆಣೆದ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಕಂದುಬಣ್ಣದ ಬಿಸಿ ಮುದ್ದೆ! ಇಲ್ಲಿಯ ಹೆಸರು ಕಾಲೋ, ಹಿಟ್ಟು ರಾಗಿಯದೇ. ಪೂರ್ವ ಆಫ್ರಿಕಾದ ಎತ್ತರದ ನೆಲಗಳೇ ರಾಗಿಯ ತವರು, ನಮ್ಮಲ್ಲಿಗೆ ಅದು ಬಂದದ್ದು ಆಮೇಲೆ. ಜಿಗುಟಿಗೆ ಸ್ವಲ್ಪ ಮರಗೆಣಸಿನ ಹಿಟ್ಟು ಬೆರೆಸುತ್ತಾರೆ, ಹಾಗಾಗಿ ನಮ್ಮ ಮುದ್ದೆಗಿಂತ ಕೊಂಚ ಎಳೆಯುತ್ತದೆ. ಚಿಕ್ಕ ತುಂಡು ಮುರಿದು, ಹೆಬ್ಬೆರಳಿನಿಂದ ಗುಳಿ ಮಾಡಿ ಎಶಾಬ್ವೆ ಎಂಬ ಬಿಳಿಯ ಬೆಣ್ಣೆಯ ಗೊಜ್ಜಿಗೆ ಅದ್ದಬೇಕು. ಹಾಸನದ ಕಡೆಯ ಜತೆಗಾರರೊಬ್ಬರು ನುಂಗಿದ್ದನ್ನು ಕಂಡು ಡ್ರೈವರ್ ಕೈ ತಡೆದು ನಿಂತರು.

“ನಿಮ್ಮ ದೇಶದಲ್ಲೂ ಅಗಿಯೋದಿಲ್ವಾ ಇದನ್ನ?” ಎಂದು ಕೇಳಿದರು.

“ಅಗಿದರೆ ಅಜ್ಜಿ ಬೈಯ್ತಿದ್ದರು” ಎಂದರು ಇವರು. ಅಲ್ಲಿಂದ ಮುಂದೆ ಕಬಾಲೆ ಮುಟ್ಟುವವರೆಗೂ ಆ ಇಬ್ಬರದೂ ಹೊಲ, ಮಳೆ, ಗೊಬ್ಬರದ ಮಾತು. ಉದ್ದ ಕೊಂಬಿನ ಆಂಕೋಲೆ ದನಗಳ ಮಂದೆ ರಸ್ತೆಗೆ ಅಡ್ಡ ಬಂದಾಗಲೆಲ್ಲ ಡ್ರೈವರ್ ಕೊಂಬಿನ ಅಳತೆಯಿಂದ ದನದ ಬೆಲೆ ಅಂದಾಜು ಮಾಡುತ್ತಿದ್ದರು.

ಕಬಾಲೆ ಸುಮಾರು 2000 ಮೀಟರ್ ಎತ್ತರದಲ್ಲಿದೆ. ಸಂಜೆ ಹೊತ್ತಿಗೆ ಸ್ವೆಟರ್ ಹೊರಗೆ ಬಂತು. ಸಮಭಾಜಕದ ಹತ್ತಿರವೆಂದು ತೆಳು ಬಟ್ಟೆ ಮಾತ್ರ ತುಂಬಿಕೊಂಡು ಬಂದವರು ಇಲ್ಲಿ ಸಂತೆಯಲ್ಲಿ ಹಳೆ ಜಾಕೆಟ್ ಹುಡುಕುತ್ತಾರೆ.

ಮೂರನೇ ದಿನ: ರುಹಿಜಾ

ಐವತ್ತು ಕಿಲೋಮೀಟರಿನ ಆಸುಪಾಸು, ಆದರೆ ಮೈಲಿಗಲ್ಲು ನೋಡಿ ಲೆಕ್ಕ ಹಾಕುವಂತಿಲ್ಲ. ಗುಡ್ಡದ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಕಡಿದ ಆಲೂಗಡ್ಡೆ, ಜೋಳದ ಹೊಲ. ಒಂದು ತಿರುವಿನಲ್ಲಿ ಹೊಲ ಕತ್ತರಿಸಿಟ್ಟಂತೆ ಮುಗಿದು ಕಾಡು ಶುರುವಾಗುತ್ತದೆ. ನಡುವೆ ಬಯಲಿಲ್ಲ, ಪೊದೆಯಿಲ್ಲ. ಬ್ವಿಂಡಿ 1991ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗ ಒಳಗಿದ್ದ ಬಟ್ವಾ ಜನ ಹೊರಬೀಳಬೇಕಾಯಿತು. ಕಾಡೇ ಮನೆಯಾಗಿದ್ದವರು ಕಾಡಿನ ಅಂಚಿನಲ್ಲಿ ನೆಲವಿಲ್ಲದವರಾದರು. ಗೊರಿಲ್ಲಾಗಳ ಸಂಖ್ಯೆ ಏರಿದ ಕಥೆಯನ್ನು ಹೇಳುವಾಗ ಇದನ್ನೂ ಹೇಳಲೇಬೇಕು.

ಮಧ್ಯಾಹ್ನ ಅರ್ಧ ಗಂಟೆ ಮಳೆ ಹೊಡೆಯಿತು. ಜೂನ್‌ನಿಂದ ಆಗಸ್ಟ್ ಮತ್ತು ಡಿಸೆಂಬರ್‌ನಿಂದ ಫೆಬ್ರವರಿ ಇಲ್ಲಿಯ ಒಣ ತಿಂಗಳುಗಳು. ಒಣ ಎಂದರೆ ಮಳೆ ಕಡಿಮೆ ಎಂದಷ್ಟೇ ಅರ್ಥ. ಕೆಂಪು ಮಣ್ಣು ಎಷ್ಟು ಬೇಗ ಸಾಬೂನಾಗುತ್ತದೆ ಎಂಬುದು ಕಾರಿನ ಹಿಂದಿನ ಚಕ್ರ ಚರಂಡಿಗಿಳಿದಾಗ ಗೊತ್ತಾಯಿತು. ಹೊಲದಲ್ಲಿದ್ದವರು ಗುದ್ದಲಿ ಬಿಟ್ಟು ಬಂದು, ಚಕ್ರದಡಿ ಕಲ್ಲು ಕೊಟ್ಟು ಎತ್ತಿದರು.

ಸಂಜೆ ಎಲ್ಲರೂ ಮರುದಿನದ ಉಡುಪನ್ನು ಒಮ್ಮೆ ತೊಟ್ಟು ನೋಡಿದೆವು. ಇದನ್ನು ರಾತ್ರಿಯೇ ಮಾಡಬೇಕು, ಬೆಳಗ್ಗೆ ಹೊತ್ತಿರುವುದಿಲ್ಲ. ಜೀನ್ಸ್ ಬೇಡವೇ ಬೇಡ. ನೆನೆದರೆ ಭಾರ, ತೊಡೆ ಉಜ್ಜಿ ಗಾಯ. ಬೇಗ ಒಣಗುವ ದಪ್ಪ ಪ್ಯಾಂಟು, ಉದ್ದ ತೋಳಿನ ಅಂಗಿ, ಮೊಣಕಾಲಿನ ಹತ್ತಿರ ಬರುವ ಕಾಲುಚೀಲ. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಬೇಕು, ಇಲ್ಲವಾದರೆ ದಾರಿಗಡ್ಡ ಸಾಲಾಗಿ ಹರಿಯುವ ಸಫಾರಿ ಇರುವೆಗಳು ಒಳಗಿನಿಂದ ಮೇಲೆ ಹತ್ತುತ್ತವೆ. ತೋಟದ ಕೆಲಸಕ್ಕೆ ಹಾಕುವ ದಪ್ಪ ಕೈಗವಸು ಕಡ್ಡಾಯ. ಜಾರಿದಾಗ ಕೈ ತಾನಾಗಿ ಹಿಡಿಯುವುದು ಯಾವುದಾದರೂ ಗಿಡವನ್ನೇ, ಮತ್ತು ಇಲ್ಲಿ ಅದು ಬಹುಪಾಲು ತುರುಚೆ ಗಿಡ ಇಲ್ಲವೆ ಮುಳ್ಳುಬಳ್ಳಿ. ಮಳೆಗೆ ಜಾಕೆಟ್ಟೇ ಸರಿ, ಪಾಂಚೋ ಮುಳ್ಳಿಗೆ ಸಿಕ್ಕಿ ಹರಿಯುತ್ತದೆ. ಕಾಲಿನ ಉಗುರು ಇವತ್ತೇ ಕತ್ತರಿಸಿ. ಇಳಿಜಾರಿನಲ್ಲಿ ಬೆರಳು ಬೂಟಿನ ಮುಂಭಾಗಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ.

ಚೀಲದಲ್ಲಿ ತಲೆಗೆ ಎರಡು ಲೀಟರ್ ನೀರು, ಎರಡು ಪೊಟ್ಟಣ ಓಆರ್‌ಎಸ್, ಚಪಾತಿ, ಬಾಳೆಹಣ್ಣು, ಮೂರು ಮಾಸ್ಕ್. ಚೀಲದ ಹೊರಗೆ ಮಳೆಹೊದಿಕೆ ಇದ್ದರೂ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದು ಬೇಕು. ನೀರು ಬೆನ್ನಿನ ಕಡೆಯಿಂದ ಇಳಿಯುತ್ತದೆ.

ಊಟದ ಹೊತ್ತಿಗೆ ನಮ್ಮಲ್ಲಿಯ ಹಿರಿಯರೊಬ್ಬರ ಗಂಟಲು ಕಟ್ಟಿತ್ತು. ರಸ್ತೆಯ ಧೂಳು ಎಂದರು. ಮತ್ತೆ ಎರಡು ಬಾರಿ ಸೀನಿದರು. ಅವರ ಹೆಂಡತಿ ತಟ್ಟೆ ಪಕ್ಕಕ್ಕಿಟ್ಟು ಹೇಳಿದರು: “ರೀ, ಬೆಳಗ್ಗೆ ಹೀಗೇ ಇದ್ದರೆ ಹೇಳಿಬಿಡಿ. ಮುಚ್ಚಿಟ್ಟುಕೊಂಡು ಹೋಗೋದು ಬೇಡ.”

ನಮಗೆ ಎರಡು ದಿನದ ನೆಗಡಿಯಾಗಿ ಮುಗಿಯುವ ವೈರಸ್ಸು ಗೊರಿಲ್ಲಾಗಳಲ್ಲಿ ನ್ಯುಮೋನಿಯಾ ಆಗಿ ಸಾವಿಗೆ ತಿರುಗಬಹುದು. ರಕ್ತದಲ್ಲಿ ಅಷ್ಟು ಹತ್ತಿರದವು, ಆದರೆ ನಮ್ಮ ರೋಗಗಳ ಎದುರು ಅವಕ್ಕೆ ರಕ್ಷಣೆಯಿಲ್ಲ. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ತಗುಲಿ ಮರಿಯೊಂದು ಸತ್ತಿತು. ಹೊಲದ ಬೆದರುಗೊಂಬೆಗೆ ತೊಡಿಸಿದ್ದ ಹಳೆಬಟ್ಟೆಯಂಥದ್ದರಿಂದ ಹುಳ ದಾಟಿರಬೇಕೆಂದು ಆಗ ಅಲ್ಲಿ ಕೆಲಸ ಮಾಡುತ್ತಿದ್ದ ಪಶುವೈದ್ಯೆ ಗ್ಲಾಡಿಸ್ ಕಲೇಮಾ-ಜಿಕುಸೋಕಾ ಕಂಡುಕೊಂಡರು. ಊರಿನವರ ಆರೋಗ್ಯ ಸರಿಯಾಗದೆ ಗೊರಿಲ್ಲಾಗಳ ಆರೋಗ್ಯ ಸರಿಯಾಗದು ಎಂದು 2003ರಲ್ಲಿ ಸಂಸ್ಥೆಯನ್ನೇ ಕಟ್ಟಿದರು. ಚಾರಣದ ತಯಾರಿಯಲ್ಲಿ ಬೂಟಿಗಿಂತ, ಕ್ಯಾಮೆರಾಗಿಂತ ಮೊದಲು ಬರಬೇಕಾದದ್ದು ಇದು: ಹೊರಡುವ ಹಿಂದಿನ ಹತ್ತು ದಿನ ಜನಜಂಗುಳಿಯಿಂದ ದೂರವಿರುವುದು, ವಿಮಾನದಲ್ಲಿ ಮಾಸ್ಕ್ ಹಾಕುವುದು, ಕೈ ತೊಳೆಯುವುದು.

ನಾಲ್ಕನೇ ದಿನ: ಕಾಡಿನೊಳಗೆ

ಬೆಳಗ್ಗೆ ಹಿರಿಯರ ಮೂಗು ಸೋರುತ್ತಿತ್ತು. ಬ್ರೀಫಿಂಗ್ ಜಾಗಕ್ಕೆ ಬಂದು ಗೈಡಿಗೆ ತಾವೇ ಹೇಳಿ, ಹಿಂದೆ ಉಳಿದರು. ಗೈಡ್ ಎರಡೂ ಕೈಯಲ್ಲಿ ಅವರ ಕೈ ಹಿಡಿದು ಧನ್ಯವಾದ ಹೇಳಿದ ರೀತಿ ನೋಡಿದರೆ, ಎಷ್ಟು ಜನ ಹೇಳದೆ ಹೋಗಿರಬಹುದೆಂದು ಊಹಿಸಬಹುದಿತ್ತು. ಹೀಗಾದರೆ ಪರ್ಮಿಟ್ ಹಣದ ಗತಿಯೇನು ಎಂಬುದನ್ನು ಕೊಳ್ಳುವಾಗಲೇ ಕೇಳಿ, ಬರಹದಲ್ಲಿ ಇಟ್ಟುಕೊಳ್ಳಬೇಕು. ಹಣ ಹೋಗುತ್ತದೆಂಬ ಭಯವೇ ಜನರನ್ನು ಸುಳ್ಳು ಹೇಳಿಸುವುದು.

ಏಳೂವರೆಗೆ ಹಾಜರಿ, ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಹದಿನೈದು ವರ್ಷ ತುಂಬದವರಿಗೆ ಪ್ರವೇಶವಿಲ್ಲ. ಒಂದು ಗೊರಿಲ್ಲಾ ಗುಂಪಿಗೆ ದಿನಕ್ಕೆ ಎಂಟೇ ಜನ. ಹತ್ತಿರದ ಗುಂಪೋ ದೂರದ್ದೋ ಎಂದು ಹಂಚುವುದು ಇಲ್ಲೇ. ಮೊಣಕಾಲು ನೋವಿರುವವರು ಸಂಕೋಚಪಡದೆ ಈಗಲೇ ಹೇಳಬೇಕು, ದಾರಿಯ ನಡುವೆ ಹೇಳಿದರೆ ಗೈಡಿಗೂ ಏನೂ ಮಾಡಲಾಗದು. ನಡೆಯಲು ಪೂರ್ತಿ ಆಗದವರನ್ನು ಕುರ್ಚಿಯಂಥ ಮಂಚದಲ್ಲಿ ಹೊತ್ತೊಯ್ಯುವ ತಂಡವೂ ಇದೆ. ಇಲ್ಲಿಯವರು ಅದನ್ನು ಆಫ್ರಿಕನ್ ಹೆಲಿಕಾಪ್ಟರ್ ಎನ್ನುತ್ತಾರೆ.

ಪೋರ್ಟರ್ ಬೇಡ, ನಾನೇ ಹೊರುತ್ತೇನೆ ಎನ್ನುವ ಹಟ ಬೇಡ. ಹದಿನೈದು ಇಪ್ಪತ್ತು ಡಾಲರಿಗೆ ಚೀಲ ಹೊರುವುದಷ್ಟೇ ಅಲ್ಲ, ಜಾರುವ ಕಡೆ ಕೈ ಹಿಡಿದು ಎಳೆಯುವವರೂ ಅವರೇ. ಎಲ್ಲರೂ ಕಾಡಂಚಿನ ಊರಿನವರು. 2020ರ ಜೂನ್‌ನಲ್ಲಿ, ಪ್ರವಾಸಿಗರು ಇಲ್ಲದಿದ್ದ ಕಾಲದಲ್ಲಿ, ನ್ಕುರಿಂಗೊ ಗೊರಿಲ್ಲಾ ಗುಂಪಿನ ಯಜಮಾನ ಗಂಡು ರಫೀಕಿಯನ್ನು ಸಣ್ಣ ಪ್ರಾಣಿಗಳ ಬೇಟೆಗೆ ಬಂದ ಕಳ್ಳಬೇಟೆಗಾರನೊಬ್ಬ ಈಟಿಯಿಂದ ಕೊಂದ. ಅವನಿಗೆ 11 ವರ್ಷ ಜೈಲಾಯಿತು. ಕಾಡಂಚಿನ ಮನೆಗೆ ಕಾಡಿನಿಂದ ನ್ಯಾಯವಾದ ಸಂಬಳ ಬರುತ್ತಿದ್ದರೆ ಉರುಳು ಹಾಕುವ ಕೈ ಕಡಿಮೆಯಾಗುತ್ತದೆ.

ಟ್ರ್ಯಾಕರ್‌ಗಳು ನಮಗಿಂತ ಗಂಟೆಗಳ ಮೊದಲೇ ಹೋಗಿರುತ್ತಾರೆ. ಗೊರಿಲ್ಲಾಗಳು ದಿನವೂ ಸಂಜೆ ಎಲೆಕೊಂಬೆ ಬಾಗಿಸಿ ಹೊಸ ಗೂಡು ಮಾಡಿಕೊಂಡು ಮಲಗುತ್ತವೆ. ನಿನ್ನೆ ಬಿಟ್ಟುಬಂದ ಜಾಗದಿಂದ ಶುರುಮಾಡಿ ರಾತ್ರಿಯ ಗೂಡು ಹುಡುಕಿ, ಲದ್ದಿಯ ಗಾತ್ರ ನೋಡಿ, ಗೂಡು ಎಣಿಸಿ, ಎಲ್ಲರೂ ಇದ್ದಾರೋ ಇಲ್ಲವೋ ತಿಳಿದುಕೊಂಡು, ಅಲ್ಲಿಂದ ಜಾಡು ಹಿಡಿಯುತ್ತಾರೆ.

ಇಳಿಯತೊಡಗಿದೆವು. ಲೇಸನ್ನು ಕಣಕಾಲಿನ ಹತ್ತಿರ ಒಂದು ಸುತ್ತು ಹೆಚ್ಚು ಬಿಗಿದರೆ ಹಿಮ್ಮಡಿ ಅಲುಗುವುದಿಲ್ಲ. ಮುಂದಿನವರು ಪಂಗಾ ಕತ್ತಿಯಿಂದ ಬಳ್ಳಿ ಕಡಿಯುತ್ತಾರೆ. ಕೆಲವೆಡೆ ಕಾಲಡಿ ನೆಲವೇ ಇರುವುದಿಲ್ಲ, ಹೆಣೆದುಕೊಂಡ ಬಳ್ಳಿಯ ಚಾಪೆ ಮಾತ್ರ. ಗೈಡ್ ಕಾಲಿಟ್ಟ ಕಡೆಯೇ ಕಾಲಿಡಬೇಕು. ಪಾಚಿ ಹಿಡಿದ ದಿಮ್ಮಿಯನ್ನು ಮೆಟ್ಟದೆ ದಾಟಬೇಕು, ಒಳಗೆ ಕೊಳೆತಿರುತ್ತದೆ. ಕನ್ನಡಕಕ್ಕೆ ದಾರ ಕಟ್ಟದವರದನ್ನು ಕೊಂಬೆಯೊಂದು ಕಿತ್ತುಕೊಂಡಿತು. ಹುಡುಕಲು ಕಾಲು ಗಂಟೆ ಬೇಕಾಯಿತು.

ಎರಡು ಗಂಟೆ ಕಳೆದ ಮೇಲೆ ವಾಕಿಟಾಕಿ ಕರಕರ ಎಂದಿತು. ಚೀಲ, ಊರುಗೋಲು, ತಿಂಡಿ ಎಲ್ಲ ಅಲ್ಲೇ ಪೋರ್ಟರುಗಳ ಬಳಿ ಬಿಟ್ಟು ಮಾಸ್ಕ್ ಹಾಕಿದೆವು. ಬೆವರಿಗೆ ನೆನೆದ ಮಾಸ್ಕ್ ಬದಲಿಸಲೇಬೇಕು. ಕನ್ನಡಕ ಮಂಜಾಗದಂತೆ ಮೂಗಿನ ಮೇಲಿನ ಅಂಚಿಗೆ ವೈದ್ಯಕೀಯ ಟೇಪ್ ಅಂಟಿಸಿದರೆ ಸಾಕು. ಫ್ಲ್ಯಾಶ್ ನಿಷಿದ್ಧ. ಫೋಕಸ್ಸಿಗೆಂದು ತಾನಾಗಿ ಹೊತ್ತುವ ಸಣ್ಣ ಕೆಂಪು ದೀಪವನ್ನೂ ಹಿಂದಿನ ರಾತ್ರಿಯೇ ಆರಿಸಿಡಬೇಕು. ಕಪ್ಪು ಮೈಯನ್ನು ಕ್ಯಾಮೆರಾ ಬೂದಿಬಣ್ಣವಾಗಿಸುತ್ತದೆ, ಅದಕ್ಕೆ ಎಕ್ಸ್‌ಪೋಷರ್ ಮುಕ್ಕಾಲು ಅಥವಾ ಒಂದು ಸ್ಟಾಪ್ ಇಳಿಸಬೇಕು. ಐಎಸ್‌ಒ, ಅಂದರೆ ಬೆಳಕು ಹಿಡಿಯುವ ಸೂಕ್ಷ್ಮತೆ, 1600ರಿಂದ ಮೇಲೆ. 70-200 ಮಿ.ಮೀ. ಲೆನ್ಸ್ ಧಾರಾಳ.

ಗೈಡ್ ಗಂಟಲಿನಿಂದ ಎರಡು ಸಲ ಮಂದ್ರವಾಗಿ ಕೆಮ್ಮಿದಂತೆ ಸದ್ದು ಮಾಡಿದರು. ಪೊದೆಯಾಚೆಯಿಂದ ಅದೇ ಸದ್ದು ಮರಳಿ ಬಂತು. ಬಂದವರು ಗೊತ್ತಿರುವವರು, ಹೆದರಬೇಡಿ ಎಂಬ ಮಾತು ಅದು. ಗಡಿಯಾರ ಈಗ ಶುರು.

ಯಜಮಾನ ಗಂಡು ಬೆನ್ನು ತಿರುಗಿಸಿ ಕೂತಿತ್ತು, ಸೊಂಟದವರೆಗೆ ಬೆಳ್ಳಿಬಣ್ಣ. ಮೇಯುವ ಹೊತ್ತು ಮುಗಿದು ಮಧ್ಯಾಹ್ನದ ವಿಶ್ರಾಂತಿ ಶುರುವಾಗಿತ್ತು. ಮರಿಗಳು ಆಡುವುದು ಈ ಹೊತ್ತಿನಲ್ಲೇ. ಒಂದು ಮರಿ ತಾಯಿಯ ಬೆನ್ನಿನಿಂದ ಉರುಳಿ ನೇರ ನಮ್ಮ ಕಡೆ ಬಂತು. ಹತ್ತು ಮೀಟರ್ ಅಂತರ ಕಾಯುವ ಹೊಣೆ ನಮ್ಮದು, ಮರಿಯದ್ದಲ್ಲ. ಗೈಡ್ ಅಂಗೈ ತೋರಿಸಿ ನಮ್ಮನ್ನೆಲ್ಲ ನಿಧಾನ ಹಿಂದೆ ಸರಿಸಿದರು. ಪ್ರಾಯದ ಗಂಡೊಂದು ಎದೆ ಬಡಿದು ನಾಲ್ಕು ಹೆಜ್ಜೆ ನುಗ್ಗಿತು. ಆಗ ಓಡಬಾರದು. ಕುಕ್ಕರಿಸಿ, ದೃಷ್ಟಿ ನೆಲಕ್ಕೆ ಇಳಿಸಿ, ಗೈಡ್ ಹೇಳುವವರೆಗೆ ಹಾಗೇ ಇರಬೇಕು. ಅದು ತಾನೇ ತಿರುಗಿ ಹೋಯಿತು. ಕೆಮ್ಮು ಬಂದರೆ ಮಾಸ್ಕ್ ತೆಗೆಯದೆ ಮುಖ ತಿರುಗಿಸಿ ಮೊಣಕೈಗೆ ಕೆಮ್ಮಬೇಕು.

ಮೊದಲ ಕಾಲು ಗಂಟೆ ಚಿತ್ರ ತೆಗೆದು ಆಮೇಲೆ ಕ್ಯಾಮೆರಾ ಇಳಿಸಿಬಿಡಿ. ಪರದೆಯಲ್ಲಿ ನೋಡುವವರಿಗೆ ತಾಯಿ ಮರಿಯ ಕಿವಿಯ ಹಿಂದೆ ಬೆರಳಿನಿಂದ ಕೂದಲು ಬಿಡಿಸುವ ತಾಳ್ಮೆ ಕಾಣುವುದಿಲ್ಲ. 2018ರ ಎಣಿಕೆಯಂತೆ ಬ್ವಿಂಡಿ ಮತ್ತು ಅದಕ್ಕೆ ಅಂಟಿಕೊಂಡ ಕಾಂಗೋದ ಸರಾಂಬ್ವೆಯಲ್ಲಿ 459, 2015–16ರ ಎಣಿಕೆಯಂತೆ ವಿರುಂಗಾ ಜ್ವಾಲಾಮುಖಿ ಬೆಟ್ಟಗಳ ಸಾಲಿನಲ್ಲಿ 604. ಜಗತ್ತಿನ ಬೆಟ್ಟದ ಗೊರಿಲ್ಲಾಗಳೆಲ್ಲ ಸೇರಿ ಅಷ್ಟೇ. ಮೃಗಾಲಯಗಳಲ್ಲಿ ಇವು ಇಲ್ಲ.

ಹತ್ತುವಾಗ ಮೂರು ಗಂಟೆ ಹಿಡಿಯಿತು. ಓಆರ್‌ಎಸ್ ಬೆಲೆ ತಿಳಿದದ್ದು ಆಗ. ಒಮ್ಮೆಗೇ ಕುಡಿಯದೆ ಇಪ್ಪತ್ತು ನಿಮಿಷಕ್ಕೊಂದು ಗುಟುಕು ತೆಗೆದುಕೊಂಡರೆ ತೊಡೆ ಹಿಡಿದುಕೊಳ್ಳುವುದಿಲ್ಲ.

ಐದನೇ ದಿನ: ಇಳಿದು ಬರುವಾಗ

ಹಿಂದೆ ಉಳಿದಿದ್ದ ಹಿರಿಯರು ಶುಂಠಿ ಚಹಾ ಕುಡಿದು, ಮಾಸ್ಕ್ ಹಾಕಿಕೊಂಡು ಊರಿನ ರಸ್ತೆಯಲ್ಲೇ ಅಡ್ಡಾಡಿ, ಬಿಳಿಗಡ್ಡದ ಎಲ್ಹೋಸ್ಟ್ ಮಂಗಗಳ ಹಿಂಡನ್ನು ದೂರದಿಂದ ಕಂಡಿದ್ದರು. ಹೋದವರೆಲ್ಲ ಹೇಳುವುದನ್ನು ಪೂರ್ತಿ ಕೇಳಿ, ಆ ಮರಿಯ ಬಗ್ಗೆ ಇನ್ನೊಮ್ಮೆ ಹೇಳಿ ಎಂದರು.

ಬೂಟಿನ ಕೆಸರನ್ನು ಹೊರಡುವ ಮೊದಲೇ ಉಜ್ಜಿ ತೊಳೆಯಬೇಕು. ಒಂದು ಕಾಡಿನ ಮಣ್ಣು, ಬೀಜ ಇನ್ನೊಂದು ಕಾಡಿಗೆ ಹೋಗಬಾರದು. ಒಳಗೆ ಹಳೆ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಕಬಾಲೆಯ ಪಕ್ಕದ ಬುನ್ಯೋನ್ಯಿ ಸರೋವರದಲ್ಲಿ ಒಂದು ರಾತ್ರಿ ಉಳಿದರೆ ಹಿಡಿದುಕೊಂಡ ಮೀನಖಂಡ ಸಡಿಲವಾಗಿ, ಮುಂದಿನ ಹತ್ತು ಗಂಟೆಯ ಕಾರು ಪ್ರಯಾಣ ತಡೆದುಕೊಳ್ಳುವಂತಾಗುತ್ತದೆ.

ಮಲೇರಿಯಾ ಮಾತ್ರೆಯನ್ನು ಮನೆಗೆ ಬಂದ ದಿನವೇ ನಿಲ್ಲಿಸುವವರು ಬಹಳ. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ ನಾಲ್ಕು ವಾರ, ಅಟೊವಕೋನ್-ಪ್ರೊಗ್ವಾನಿಲ್ ಆದರೆ ಏಳು ದಿನ ನುಂಗಬೇಕು. ಮುಂದಿನ ಕೆಲವು ತಿಂಗಳಲ್ಲಿ ಜ್ವರ ಬಂದರೆ, ವೈದ್ಯರು ಕೇಳುವವರೆಗೆ ಕಾಯದೆ ಉಗಾಂಡಕ್ಕೆ ಹೋಗಿದ್ದೆ ಎಂದು ಮೊದಲ ಮಾತಿನಲ್ಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ.